ಆಫೀಸಿನ ಕಂಪ್ಯೂಟರು, ನಮ್ಮ ಮಾತು

ಕೆಲಸಕ್ಕೆ ಸೇರಿದ ದಿನ ಒಂದು ಕಟ್ಟು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಕಂಪನಿಯ ಇಮೇಲ್, ಇಂಟರ್ನೆಟ್ ಬಳಕೆಯನ್ನು ಗಮನಿಸಬಹುದು ಅನ್ನೋ ಸಾಲೂ ಅದರಲ್ಲೇ ಎಲ್ಲೋ ಇರುತ್ತದೆ. ಓದುವವರು ಕಡಿಮೆ. ಓದಿದರೂ ಸಹಿ ಹಾಕದೆ ಇರೋಕಾಗುತ್ತಾ?

ಈ ಕಾವಲು ಕಂಪ್ಯೂಟರಿನ ಜೊತೆ ಬಂದದ್ದಲ್ಲ. 1888ರಲ್ಲೇ ಅಮೆರಿಕದ ವಿಲರ್ಡ್ ಬಂಡಿ ಎಂಬ ಒಡವೆ ವ್ಯಾಪಾರಿ, ಕೆಲಸಗಾರರು ಬಂದು ಹೋಗುವ ಹೊತ್ತನ್ನು ಅಚ್ಚೊತ್ತುವ ಗಡಿಯಾರ ಮಾಡಿದ್ದ. ಅಲ್ಲಿಯವನೇ ಆದ ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರ್ ಸ್ಟಾಪ್‌ವಾಚ್ ಹಿಡಿದು ಒಂದೊಂದು ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಅಳೆದ. ಇವರ ಕಣ್ಣು ಕೆಲಸದ ಮೇಲಷ್ಟೇ ಇತ್ತು. 1914ರಲ್ಲಿ ಫೋರ್ಡ್ ಕಂಪನಿ ಮನೆಯ ಹೊಸ್ತಿಲನ್ನೂ ದಾಟಿತು. ದಿನಕ್ಕೆ 5 ಡಾಲರ್ ಕೊಡುತ್ತೇವೆ ಅಂದಿತು, ಅದಕ್ಕೆ ಲಾಯಕ್ಕಾದವರೇ ಎಂದು ನೋಡಲು ಮನೆಗೇ ಜನ ಕಳಿಸಿತು. ಮನೆ ಚೊಕ್ಕವಾಗಿದೆಯಾ, ಕುಡೀತಾನಾ, ದುಡ್ಡು ಕೂಡಿಡ್ತಾನಾ, ಎಲ್ಲ ವಿಚಾರಣೆ.

ಕಂಪ್ಯೂಟರ್ ಬಂದ ಮೇಲೆ ಮನೆಗೆ ಹೋಗುವ ಕೆಲಸವೇ ತಪ್ಪಿತು. ಮನೆ ಮಾತೇ ಆಫೀಸಿನ ಪರದೆಗೆ ಬರುತ್ತಿತ್ತಲ್ಲ. 2007ರಲ್ಲಿ ರೊಮೇನಿಯಾದ ಒಬ್ಬ ಎಂಜಿನಿಯರ್ ಕೆಲಸ ಕಳೆದುಕೊಂಡ. ಗ್ರಾಹಕರ ಜೊತೆ ಮಾತಾಡಲೆಂದು ತೆರೆದಿದ್ದ ಯಾಹೂ ಮೆಸೆಂಜರ್‌ನಲ್ಲಿ ತನ್ನ ಮನೆಯವರ ಜೊತೆಗೂ ಹರಟಿದ್ದ. ಸ್ವಂತ ಬಳಕೆ ಕೂಡದು ಅಂತ ನಿಯಮ ಇತ್ತು, ಅವನಿಗೂ ಗೊತ್ತಿತ್ತು. ಆದರೆ ಕಂಪನಿ ಅವನ ಮುಂದೆ ಹಿಡಿದದ್ದು 45 ಪುಟಗಳ ಮಾತುಕತೆ. ಮದುವೆ ನಿಶ್ಚಯವಾಗಿದ್ದ ಹುಡುಗಿಯ ಜೊತೆ ಆಡಿದ ತೀರಾ ಖಾಸಗಿ ಮಾತೂ ಅದರಲ್ಲಿತ್ತು.

ಅಲ್ಲಿನ ಕೋರ್ಟುಗಳು ಕಂಪನಿಯ ಕಡೆಗೇ ನಿಂತವು. 2016ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಅದನ್ನೇ ಹೇಳಿತು. ಮರುವರ್ಷ ಅದೇ ನ್ಯಾಯಾಲಯದ ದೊಡ್ಡ ಪೀಠ 11–6ರಲ್ಲಿ ತೀರ್ಪು ತಿರುಗಿಸಿತು. ಬಳಸಬೇಡ ಅನ್ನೋದೇ ಬೇರೆ, ನಿನ್ನ ಮಾತನ್ನು ನಾವು ಓದುತ್ತೇವೆ ಅನ್ನೋದೇ ಬೇರೆ. ಎರಡನೆಯದನ್ನು ಮೊದಲೇ ತಿಳಿಸಿದ್ದರೇ? ಅಷ್ಟೆಲ್ಲ ಓದುವ ಅಗತ್ಯ ಇತ್ತೇ? ಇದನ್ನು ಕೆಳಗಿನ ಕೋರ್ಟುಗಳು ನೋಡಿರಲೇ ಇಲ್ಲ. ನನಗೆ ಈ ಇಡೀ ಕತೆಯ ತಿರುಳು ಇದೇ ಅನ್ನಿಸುತ್ತದೆ.

2018ರಲ್ಲಿ ಜನರ ಖಾಸಗಿ ಮಾಹಿತಿ ಕಾಯುವ ಯುರೋಪಿನ ಜಿಡಿಪಿಆರ್ ಕಾನೂನು ಜಾರಿಯಾದ ಮೇಲೆ ದಂಡದ ಭಯವೂ ಸೇರಿತು. ರಜೆ ಮುಗಿಸಿ ಬಂದವರನ್ನು ಸುಮ್ನೆ ಮಾತಾಡಿಸಿದಂತೆ ಮಾಡಿ, ಅವರ ಕಾಯಿಲೆ, ಮನೆ ಜಗಳ ಎಲ್ಲ ಬರೆದಿಟ್ಟುಕೊಂಡದ್ದಕ್ಕೆ ಜರ್ಮನಿಯಲ್ಲಿ ಎಚ್ ಅಂಡ್ ಎಂ ಎಂಬ ಬಟ್ಟೆ ಕಂಪನಿಗೆ 2020ರಲ್ಲಿ ಸುಮಾರು 3.5 ಕೋಟಿ ಯೂರೋ ದಂಡ ಬಿತ್ತು. ಗುಟ್ಟು ಬಯಲಾದದ್ದೂ ತಮಾಷೆಯೇ: ಕಂಪ್ಯೂಟರಿನ ಒಂದು ಸೆಟ್ಟಿಂಗ್ ತಪ್ಪಾಗಿ, ಆ ಕಡತ ಕೆಲವು ಗಂಟೆ ಇಡೀ ಕಂಪನಿಗೇ ಕಾಣಿಸಿಬಿಟ್ಟಿತ್ತು.

ಅಷ್ಟರಲ್ಲಿ ಕೊರೋನಾ ಬಂತು, ಆಫೀಸೇ ಮನೆಯೊಳಗೆ ಬಂತು. ಕೀಲಿಮಣೆ ಎಷ್ಟು ಒತ್ತಿದಿರಿ, ಮೌಸ್ ಎಷ್ಟು ಅಲುಗಿತು ಎಂದು ಲೆಕ್ಕ ಇಡುವ ತಂತ್ರಾಂಶಗಳು ಜಾಸ್ತಿಯಾದವು. ನೌಕರರೂ ಸುಮ್ಮನಿರಲಿಲ್ಲ. ಮೌಸನ್ನು ತಾನೇ ಅಲುಗಿಸುತ್ತಿರುವ ಪುಟ್ಟ ಯಂತ್ರ ಕೊಂಡರು. ಈಗ ಆ ಯಂತ್ರವನ್ನು ಹಿಡಿಯುವ ತಂತ್ರಾಂಶವೂ ಬಂದಿದೆ.