ಹತ್ತು ಎರಡಕ್ಕಿಂತ ಮೊದಲು ಬಂದರೆ ಸ್ಕ್ರಿಪ್ಟ್ ಹಾಳಾಗಿಲ್ಲ

"ಸರ್, ನಿಮ್ಮ ಸ್ಕ್ರಿಪ್ಟ್ ಹಾಳಾಗಿದೆ ಮಾರಾಯ್ರೆ. ಒಂಬತ್ತು ದಿನ ಸರಿ ಇತ್ತು."

ಈ ಮಾತನ್ನು ಬೈಕಂಪಾಡಿಯಿಂದ ಮಲ್ಪೆಯವರೆಗೆ ಎಷ್ಟು ಜನ ಫೋನಿನಲ್ಲಿ ಹೇಳಿದ್ದಾರೋ, ನಾನು ಲೆಕ್ಕ ಇಟ್ಟಿಲ್ಲ. 'ಒಂಬತ್ತು' ಅಂತ ಕೇಳಿದ ಕೂಡಲೇ ರೋಗ ಯಾವುದೆಂದು ಅಂದಾಜಾಗುತ್ತದೆ. ಆದರೂ ಫೈಲ್‌ಗಳ ಪಟ್ಟಿ ಕಳಿಸಿ ಅಂತಲೇ ಹೇಳುತ್ತೇನೆ. ಕಣ್ಣಾರೆ ನೋಡದೆ ಔಷಧಿ ಹೇಳಬಾರದು. ಸ್ವಲ್ಪ ಹೊತ್ತಿಗೆ ಪಟ್ಟಿ ಬರುತ್ತದೆ: ಲಾಗ್-1, ಲಾಗ್-10, ಲಾಗ್-11, ಲಾಗ್-2, ಲಾಗ್-3.

ಸಣ್ಣ ಕಂಪನಿಗಳ ಸರ್ವರ್ ಮತ್ತು ಬ್ಯಾಕಪ್ ನೋಡಿಕೊಳ್ಳುವುದು ನನ್ನ ಕೆಲಸ. ಲಾಗ್ ಎಂದರೆ ನಡೆದದ್ದನ್ನು ಕಂಪ್ಯೂಟರ್ ಬರೆದಿಡುವ ಫೈಲ್, ಸ್ಕ್ರಿಪ್ಟ್ ಎಂದರೆ ಅದಕ್ಕೆ ಕೊಡುವ ಆದೇಶಗಳ ಸಣ್ಣ ಪಟ್ಟಿ. ಅದಕ್ಕಿಂತ ಹೆಚ್ಚು ಇಲ್ಲಿ ಬರೆಯುವುದಿಲ್ಲ. ಈ ತೊಂದರೆಯಲ್ಲಿ ಸಿಕ್ಕಿಕೊಂಡವರಿಗೆ ಅದು ಗೊತ್ತೇ ಇರುತ್ತದೆ. ಹೇಳಬೇಕಾದ್ದು ಒಂದೇ ವಿಷಯ. ಫೈಲ್ ಹೆಸರಿನಲ್ಲಿರುವ 10 ಹತ್ತಲ್ಲ. ಅದು ಒಂದು, ಅದರ ಪಕ್ಕ ಒಂದು ಸೊನ್ನೆ. ಎರಡು ಅಕ್ಷರ, ಅಷ್ಟೇ.

ಇದು ತಲೆಗೆ ಹೋಗಬೇಕಾದರೆ ನಿಘಂಟು ತೆಗೆಯಿರಿ. ಕಿಟೆಲರ ನಿಘಂಟು 1894ರಲ್ಲಿ ನಮ್ಮ ಮಂಗಳೂರಿನಲ್ಲೇ, ಬಾಸೆಲ್ ಮಿಷನ್‌ನಿಂದ ಹೊರಬಂದದ್ದು. ಅದಾದರೂ ಆದೀತು, ಮಕ್ಕಳ ಶಾಲೆಯ ನಿಘಂಟಾದರೂ ಆದೀತು. 'ಅಡಿಕೆ' ಮೊದಲು ಬರುತ್ತದೆ, 'ಆನೆ' ಆಮೇಲೆ. ಅಡಿಕೆಯಲ್ಲಿ ಮೂರು ಅಕ್ಷರ, ಆನೆಯಲ್ಲಿ ಎರಡೇ. ಆನೆ ಎಷ್ಟು ದೊಡ್ಡದು ಅಂತಲೂ ನಿಘಂಟು ಕೇಳುವುದಿಲ್ಲ. ಮೊದಲ ಅಕ್ಷರದಲ್ಲೇ ತೀರ್ಮಾನವಾದರೆ ಎರಡನೆಯದನ್ನು ನೋಡುವ ಅಗತ್ಯವೇ ಇಲ್ಲ. ಕಂಪ್ಯೂಟರ್ ಕೂಡ ಹೀಗೇ ಮಾಡುತ್ತದೆ. ಅದರ ಒಳಗೆ '1' ಎಂಬ ಅಕ್ಷರದ ಸಂಖ್ಯೆ 49, '2' ಎಂಬ ಅಕ್ಷರದ ಸಂಖ್ಯೆ 50. '10' ಮತ್ತು '2' ಎದುರು ಬದುರು ನಿಂತಾಗ 49 ಮೊದಲು ಹೋಗುತ್ತದೆ. ಹಿಂದೆ ಸೊನ್ನೆ ಇದೆಯೋ ಇಲ್ಲವೋ, ಅದು ನೋಡಲೇ ಇಲ್ಲ. ಒಂಬತ್ತರವರೆಗೆ ಎಲ್ಲವೂ ಒಂದೇ ಅಂಕಿ. ಅಲ್ಲಿಯವರೆಗೆ ಸರಿ ಇದ್ದದ್ದು ಅದಕ್ಕೇ.

"ಇಲ್ಲ ಸರ್, ಫೋಲ್ಡರ್ ತೆರೆದರೆ ಸರಿಯಾಗೇ ಕಾಣುತ್ತದೆ" ಅನ್ನುತ್ತಾರೆ. ಅವರು ಹೇಳುವುದು ನಿಜ. ವಿಂಡೋಸ್‌ನ ಫೋಲ್ಡರ್ ಕಿಟಕಿ ಎಕ್ಸ್‌ಪಿ ಕಾಲದಿಂದಲೂ ಹೆಸರಿನೊಳಗಿನ ಅಂಕಿಗಳನ್ನು ಸಂಖ್ಯೆಯಾಗಿ ಓದಿ ಜೋಡಿಸಿ ತೋರಿಸುತ್ತದೆ. ಅದು ನೋಡುವವರ ಅನುಕೂಲಕ್ಕೆ ಮಾಡಿದ್ದು. ನಿಮ್ಮ ಸ್ಕ್ರಿಪ್ಟ್ ಆ ಕಿಟಕಿಯ ಮೂಲಕ ನೋಡುವುದಿಲ್ಲ. ಸ್ಕ್ರಿಪ್ಟ್ ಬರೆಯುವ ಪೈಥಾನ್ ಭಾಷೆಯಲ್ಲಿ ಫೋಲ್ಡರ್ ಪಟ್ಟಿ ಕೇಳಿದರೆ ಇಂಥದ್ದೇ ಕ್ರಮದಲ್ಲಿ ಬರುತ್ತದೆ ಎಂಬ ಭರವಸೆಯೂ ಇಲ್ಲ. ನಾವೇ ಜೋಡಿಸಬೇಕು. ಜೋಡಿಸಿದರೆ ಅಕ್ಷರದ ಲೆಕ್ಕದಲ್ಲಿ ಜೋಡಿಸುತ್ತದೆ.

ಮದ್ದು ಸುಲಭ. ಹೆಸರಿಡುವಾಗಲೇ ಮುಂದೆ ಸೊನ್ನೆ ತುಂಬಿಸಿ: 0001, 0002, 0010. ಮೂರು ಅಂಕಿ ಸಾಲದಾ ಅಂತ ಕೇಳುವವರಿದ್ದಾರೆ. ದಿನಕ್ಕೊಂದು ಫೈಲ್ ಅಂದುಕೊಂಡರೂ 999 ಮುಗಿಯಲು ಮೂರು ವರ್ಷ ಬೇಡ. ಆಮೇಲೆ 1000 ಹೋಗಿ 100ರ ಪಕ್ಕ ಕೂರುತ್ತದೆ. ಅಷ್ಟರಲ್ಲಿ ಸ್ಕ್ರಿಪ್ಟ್ ಬರೆದವರು ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿರುತ್ತಾರೆ.

ತಾರೀಕಿನ ವಿಷಯ ಇದಕ್ಕಿಂತ ಕಷ್ಟದ್ದು. ಮಲ್ಪೆಯ ಒಂದು ಐಸ್ ಪ್ಲಾಂಟ್‌ನಲ್ಲಿ ನಡೆದದ್ದು ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗಸ್ಟ್ ಬಂದ ಕೂಡಲೇ ಬೋಟುಗಳು ಕಡಲಿಗೆ ಇಳಿಯುತ್ತವೆ, ಐಸ್‌ಗೆ ಒಮ್ಮೆಲೇ ಬೇಡಿಕೆ ಬರುತ್ತದೆ. ಆ ಪ್ಲಾಂಟ್‌ನಲ್ಲಿ ಉಪ್ಪುನೀರಿನ ಟ್ಯಾಂಕ್ ಎಷ್ಟು ತಣ್ಣಗಿದೆ ಅಂತ ಒಂದು ಸಣ್ಣ ಕಂಪ್ಯೂಟರ್ ಬರೆದಿಡುತ್ತಿತ್ತು. ದಿನಕ್ಕೊಂದು ಫೈಲ್. ಹೆಸರು 01-07-2023, 02-07-2023, ಹೀಗೆ. ಜಾಗ ತುಂಬಬಾರದೆಂದು ಅಲ್ಲಿಯ ಹುಡುಗ ಒಂದು ಸ್ಕ್ರಿಪ್ಟ್ ಬರೆದಿದ್ದ: ಹೆಸರಿನ ಪ್ರಕಾರ ಜೋಡಿಸು, ಕೊನೆಯ 30 ಇಟ್ಟುಕೊ, ಉಳಿದದ್ದು ಅಳಿಸು.

ಆಗಸ್ಟ್ 5ಕ್ಕೆ ಅದು ಮೊದಲ ಸಲ ಓಡಿತು. ಫೋಲ್ಡರ್‌ನಲ್ಲಿ 36 ಫೈಲ್ ಇದ್ದವು. ಆರು ಹೋಗಬೇಕು. ಜುಲೈಯ ಮೊದಲ ಆರು ದಿನ ಹೋಗುತ್ತವೆ ಅಂತ ಅವನ ಲೆಕ್ಕ. ಹೋದದ್ದು 01-07, 01-08, 02-07, 02-08, 03-07, 03-08. ಅಕ್ಷರದ ಲೆಕ್ಕದಲ್ಲಿ ದಿನ ಮೊದಲು ಬಂತಲ್ವಾ? ಎಲ್ಲ ತಿಂಗಳ ಒಂದನೇ ತಾರೀಕು ಒಂದು ಕಡೆ, ಎರಡನೇ ತಾರೀಕು ಇನ್ನೊಂದು ಕಡೆ ಸೇರಿದವು. ಪ್ಲಾಂಟ್ ಸುಮ್ನೆ ನಿಂತಿದ್ದ ಜುಲೈಯ ಬಹುಪಾಲು ದಿನಗಳು ಉಳಿದವು. ಸೀಸನ್‌ನ ಮೊದಲ ಮೂರು ದಿನ ಹೋದವು. ಮೆಕ್ಯಾನಿಕ್ ಕೇಳಿದ್ದು ಸರಿಯಾಗಿ ಆಗಸ್ಟ್ 2ರ ರಾತ್ರಿಯದ್ದನ್ನು. ಆ ರಾತ್ರಿ ಕಂಪ್ರೆಸರ್ ಟ್ರಿಪ್ ಆಗಿತ್ತು.

ನಾನು ಹೋದಾಗ ಹುಡುಗ ಅಳುವ ಹಾಗಿದ್ದ. ಬೈಯಲು ಮನಸ್ಸಾಗಲಿಲ್ಲ. ಶಾಲೆಯಿಂದಲೂ ನಾವೆಲ್ಲ ದಿನ, ತಿಂಗಳು, ವರ್ಷ ಅಂತಲೇ ಬರೆದವರು. ಕೊನೆಗೆ ಕಾಪಾಡಿದ್ದು ಅಲ್ಲಿಯ ಹಿರಿಯ ಆಪರೇಟರ್. ಕಂಪ್ಯೂಟರ್ ಬಂದ ಮೇಲೂ ಅವರು ಗಂಟೆಗೊಮ್ಮೆ ಪುಸ್ತಕದಲ್ಲಿ ಬರೆಯುವುದು ಬಿಟ್ಟಿರಲಿಲ್ಲ. ಹಾಳೆ ಉಪ್ಪುನೀರಿಗೆ ಉಬ್ಬಿತ್ತು. 2 ಗಂಟೆಗೆ ಮೈನಸ್ 9, 4 ಗಂಟೆಗೆ ಮೈನಸ್ 5, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ 'ಕರೆಂಟ್ ಇಲ್ಲ'. ಮೆಕ್ಯಾನಿಕ್‌ಗೆ ಅಷ್ಟು ಸಾಕಾಯಿತು.

ಅಲ್ಲಿ ನಾನು ಬದಲಿಸಿದ್ದು ಒಂದೇ ಸಾಲು. ಹೆಸರಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ: 2023-08-02. ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕ 1988ರಿಂದ ಹೇಳುತ್ತಿರುವುದು ಇದನ್ನೇ. ಹೀಗೆ ಬರೆದರೆ ಅಕ್ಷರದ ಕ್ರಮ ಮತ್ತು ಕಾಲದ ಕ್ರಮ ಒಂದೇ ಆಗುತ್ತವೆ. ಒಂದು ಅಂಕಿಯ ತಿಂಗಳಿಗೂ ದಿನಕ್ಕೂ ಮುಂದೆ ಸೊನ್ನೆ ಬೇಕು, ಅದನ್ನು ಬಿಡಬೇಡಿ.

ಲಿನಕ್ಸ್ ಬಳಸುವವರು ಪಟ್ಟಿ ಜೋಡಿಸುವ ಸಾರ್ಟ್ ಕಮಾಂಡ್‌ಗೆ ಮೈನಸ್ ದೊಡ್ಡ ವಿ (sort -V) ಹಾಕಿದರೆ ಸಾಕು, ಅಂಕಿಗಳನ್ನು ಸಂಖ್ಯೆಯಾಗಿ ಓದುತ್ತದೆ ಅನ್ನುತ್ತಾರೆ. ಲಾಗ್-10, ಲಾಗ್-2 ಇದ್ದಲ್ಲಿ ಅದು ಕೆಲಸ ಮಾಡುತ್ತದೆ. ದಿನ ಮೊದಲಿರುವ ತಾರೀಕಿಗೆ ಅದರಿಂದ ಏನೂ ಉಪಯೋಗವಿಲ್ಲ, ಅದು ದಿನವನ್ನೇ ಮೊದಲು ನೋಡುತ್ತದೆ. ಹೆಸರು ಬಿಟ್ಟು ಫೈಲ್ ಬದಲಾದ ಸಮಯ ನೋಡಿ ಜೋಡಿಸುತ್ತೇವೆ ಅನ್ನುವವರೂ ಇದ್ದಾರೆ. ಫೈಲ್ ಹುಟ್ಟಿದ ಜಾಗದಲ್ಲೇ ಇದ್ದರೆ ಪರವಾಗಿಲ್ಲ. ಲಿನಕ್ಸ್‌ನಲ್ಲಿ ಸುಮ್ನೆ ಕಾಪಿ ಮಾಡಿದರೆ ಎಲ್ಲ ಫೈಲ್‌ಗಳಿಗೂ ಕಾಪಿ ಆದ ಸಮಯವೇ ಬೀಳುತ್ತದೆ. ಹಳೆಯ ಲಾಗ್‌ಗಳನ್ನು ಪಕ್ಕಕ್ಕಿಟ್ಟು ಹೊಸದು ಶುರು ಮಾಡುವ ಲಾಗ್‌ರೊಟೇಟ್ ಬಳಸುತ್ತಿದ್ದರೆ ಇನ್ನೊಂದು ಗಮನಿಸಿ: ಅಲ್ಲಿ ಸಂಖ್ಯೆ ದೊಡ್ಡದಾದಷ್ಟು ಫೈಲ್ ಹಳೆಯದು. ಅದರಲ್ಲಿ ಡೇಟ್‌ಎಕ್ಸ್ಟ್ ಎಂಬ ಆಯ್ಕೆ ಹಾಕಿದರೆ ಸಂಖ್ಯೆಯ ಬದಲು ವರ್ಷ ಮೊದಲಿರುವ ತಾರೀಕೇ ಬರುತ್ತದೆ.

ನಿಮ್ಮಲ್ಲಿ ಹೇಗಿದೆಯೋ ನನಗೆ ಗೊತ್ತಿಲ್ಲ, ಹಾಗಾಗಿ ಇದನ್ನು ಓದಿದ ಕೂಡಲೇ ಹಳೆಯ ಫೈಲ್‌ಗಳ ಹೆಸರು ಬದಲಿಸಲು ಹೋಗಬೇಡಿ. ಮೊದಲು ಪೂರ್ತಿ ಫೋಲ್ಡರ್ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಅಳಿಸುವ ಸಾಲಿನ ಜಾಗದಲ್ಲಿ ಹೆಸರು ಪ್ರಿಂಟ್ ಮಾಡುವ ಸಾಲು ಹಾಕಿ ಒಂದು ವಾರ ಓಡಿಸಿ. ಯಾವ ಹೆಸರು ಬರುತ್ತದೆ ಅಂತ ದಿನಾ ನೋಡಿ. ತಿಂಗಳು ಬದಲಾಗುವ ದಿನ ಆ ವಾರದೊಳಗೆ ಬರಲಿ, ತಪ್ಪು ಸಿಕ್ಕಿಬೀಳುವುದು ಅವತ್ತೇ. ಇಷ್ಟಾದ ಮೇಲೂ ಸರಿಯಾಗದಿದ್ದರೆ ಫೋನ್ ಮಾಡಿ, ಖಂಡಿತ ನೋಡೋಣ. ಫೋನ್ ಮಾಡುವಾಗ ಫೈಲ್ ಹೆಸರುಗಳ ಪಟ್ಟಿ ಕೈಯಲ್ಲಿರಲಿ.

ಸರ್ವರ್ ಕ್ಲೌಡ್‌ನಲ್ಲಿದ್ದರೆ ಅದರ ಗಡಿಯಾರವನ್ನೂ ನೋಡಿ. ಅದು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದ್ದರೆ ನಮಗಿಂತ ಐದೂವರೆ ಗಂಟೆ ಹಿಂದೆ ಇರುತ್ತದೆ. ನಮ್ಮ ಬೆಳಗಿನ ಜಾವ 2 ಗಂಟೆಗೆ ನಡೆದದ್ದು ಹಿಂದಿನ ದಿನದ ಫೈಲ್‌ನಲ್ಲಿರುತ್ತದೆ. ಹುಡುಕುವಾಗ ಅದನ್ನೂ ತೆರೆಯಿರಿ.