ನೆಟ್ ಇಲ್ಲದ ಲ್ಯಾಪ್‌ಟಾಪ್ ಹಾಕಿದ ಸಹಿ

'ನಾನ್ಸ್ ಟೂ ಲೋ' ಅಂತ ಬಂತು. ರಾತ್ರಿ ಹನ್ನೊಂದು ಗಂಟೆ, ಮುಂಬೈಯ ಮುಲುಂಡ್‌ನ ಮನೆ, ಊಟದ ಮೇಜಿನ ಮೇಲೆ ವೈಫೈ ಕಾರ್ಡ್ ಕಿತ್ತು ಹಾಕಿದ ಹಳೇ ಲ್ಯಾಪ್‌ಟಾಪ್. ಅದರಲ್ಲಿ ಸಹಿ ಮಾಡಿದ ಒಂದು ಈಥೀರಿಯಂ (ಕ್ರಿಪ್ಟೋ ಹಣದ ನೆಟ್‌ವರ್ಕ್) ವ್ಯವಹಾರವನ್ನು ಪೆನ್‌ಡ್ರೈವ್‌ನಲ್ಲಿ ಇನ್ನೊಂದಕ್ಕೆ ಒಯ್ದು ಕಳಿಸಿದ್ದೆ. ನೆಟ್‌ವರ್ಕ್ ತಗೊಳ್ಳಲಿಲ್ಲ.

ಮಾಟುಂಗಾದಲ್ಲಿ ಹೋಟೆಲ್ ಇಟ್ಟಿರುವ ನಮ್ಮ ಮಾವ ಗಲ್ಲಾದಲ್ಲಿ ಕೂತೇ ಚೆಕ್‌ಗೆ ಸಹಿ ಹಾಕುತ್ತಾರೆ, ಬ್ಯಾಂಕಿಗೆ ಹೋಗುವುದು ಹುಡುಗ. ಕ್ರಿಪ್ಟೋದಲ್ಲೂ ನೆಟ್ ಬೇಕಾಗುವುದು ಆ ಹುಡುಗನ ಕೆಲಸಕ್ಕೆ ಮಾತ್ರ. ಸಹಿ ಬರೀ ಲೆಕ್ಕ. ಆದರೆ ಮಾವನ ಸಹಿ ಎಲ್ಲ ಚೆಕ್ಕಿನ ಮೇಲೂ ಒಂದೇ ಥರ. ಇಲ್ಲಿ ವ್ಯವಹಾರದ ವಿವರವನ್ನೂ 256 ಬಿಟ್‌ನ ಗುಟ್ಟಿನ ಕೀಲಿಯನ್ನೂ ಸೇರಿಸಿ ಲೆಕ್ಕ ಹಾಕುವುದರಿಂದ ಮೊತ್ತದಲ್ಲಿ ಒಂದು ಅಂಕಿ ಬದಲಾದರೂ ಹಳೇ ಸಹಿ ನಡೆಯುವುದಿಲ್ಲ. ಕೀಲಿ ಮಾತ್ರ ಆ ಲ್ಯಾಪ್‌ಟಾಪ್ ಬಿಟ್ಟು ಆಚೆ ಬರುವುದೇ ಇಲ್ಲ.

ಲೆಕ್ಕ ಹಾಕಲು ನಾನು ಬಳಸಿದ್ದು ಪೈಥಾನ್‌ನ ಈಥ್-ಅಕೌಂಟ್ ಲೈಬ್ರರಿ. ಇದನ್ನು ಸ್ವಂತ ಬರೆಯುತ್ತೇನೆ ಅಂತ ಹೊರಡಬೇಡಿ. ಪ್ರತಿ ಸಹಿಗೂ ಒಂದು ಹೊಸ ಗುಟ್ಟಿನ ಸಂಖ್ಯೆ ಬೇಕು. ಅದನ್ನೇ ಎರಡು ಸಲ ಬಳಸಿದರೆ, ಎರಡೂ ಸಹಿ ನೋಡಿದವರು ಸ್ಕೂಲಿನ ಬೀಜಗಣಿತದಷ್ಟರಲ್ಲೇ ಕೀಲಿ ತೆಗೆದುಬಿಡುತ್ತಾರೆ. 2010ರಲ್ಲಿ ಸೋನಿಯ ಪ್ಲೇಸ್ಟೇಷನ್ 3ರ ಗುಟ್ಟು ಬಯಲಾದದ್ದು ಹೀಗೇ.

ಸರಿ, ನನ್ನ ವ್ಯವಹಾರ ಯಾಕೆ ವಾಪಸ್ ಬಂತು? ನೆಟ್ ಇಲ್ಲದ ಲ್ಯಾಪ್‌ಟಾಪ್‌ಗೆ ಲೋಕದ ಸುದ್ದಿಯೇ ಗೊತ್ತಿಲ್ಲ. ಯಾರಿಗೆ, ಎಷ್ಟು (ಅದೂ ಈಥೀರಿಯಂ ನಾಣ್ಯವಾದ ಈಥರ್‌ನ ಚಿಲ್ಲರೆ 'ವೇ' ಲೆಕ್ಕದಲ್ಲಿ, ಒಂದು ಈಥರ್‌ಗೆ 1ರ ಮುಂದೆ 18 ಸೊನ್ನೆ), ಗ್ಯಾಸ್ (ನೆಟ್‌ವರ್ಕ್ ಮಾಡುವ ಕೆಲಸದ ಅಳತೆ) 21,000, ಶುಲ್ಕ ಎಷ್ಟು, ಎಲ್ಲ ನಾವೇ ಹೇಳಿಕೊಡಬೇಕು. ಜೊತೆಗೆ ನಾನ್ಸ್, ಅಂದರೆ ಈ ಖಾತೆಯಿಂದ ಇಲ್ಲಿವರೆಗೆ ಎಷ್ಟು ವ್ಯವಹಾರ ಹೋಗಿದೆ ಅನ್ನುವ ಎಣಿಕೆ. ಮಧ್ಯಾಹ್ನ ಅದೇ ಖಾತೆಯಿಂದ ಫೋನ್‌ನಲ್ಲಿ ಒಂದು ಕಳಿಸಿದ್ದೆ (ಕೀಲಿ ಫೋನಿಗೆ ಹೋದ ಮೇಲೆ ಈ ವೈಫೈ ಕಿತ್ತ ಸಂಭ್ರಮಕ್ಕೆ ಅರ್ಥವಿಲ್ಲ, ಗೊತ್ತು, ಇದು ಬರೀ ಸೆಪೋಲಿಯಾ, ಅಭ್ಯಾಸದ ನೆಟ್‌ವರ್ಕ್). 5 ಹಾಕಬೇಕಾದಲ್ಲಿ 4 ಹಾಕಿದ್ದೆ.

ಚೈನ್ ಐಡಿ, ಅಂದರೆ ಯಾವ ನೆಟ್‌ವರ್ಕ್ ಅಂತ ಹೇಳುವ ಸಂಖ್ಯೆಯೂ ಬೇಕು: ಸೆಪೋಲಿಯಾಗೆ 11155111, ನಿಜವಾದ ಈಥೀರಿಯಂಗೆ 1. 2016ರಲ್ಲಿ ಈಥೀರಿಯಂ ಎರಡು ಕವಲಾದಾಗ ಒಂದರಲ್ಲಿ ಮಾಡಿದ ಸಹಿ ಇನ್ನೊಂದರಲ್ಲೂ ನಡೆಯುತ್ತಿತ್ತು. ಆಮೇಲೆ ಈ ಸಂಖ್ಯೆಯನ್ನೂ ಸಹಿಯೊಳಗೆ ಸೇರಿಸಿದರು.

ಇಷ್ಟೆಲ್ಲ ಆದರೂ ಕಾಪಾಡಿದ್ದು ಕೀಲಿಯನ್ನು ಮಾತ್ರ. ನೆಟ್ ಇರುವ ಕಂಪ್ಯೂಟರ್‌ನಲ್ಲಿ ಯಾರೋ ಕೂತು ಪೆನ್‌ಡ್ರೈವ್‌ನ ಫೈಲಿನಲ್ಲಿ ಹಣ ಹೋಗಬೇಕಾದ ಖಾತೆಯ ವಿಳಾಸ ಬದಲಿಸಿದರೆ, ಈ ಬಡಪಾಯಿ ಲ್ಯಾಪ್‌ಟಾಪ್ ಅದಕ್ಕೂ ನೀಟಾಗಿ ಸಹಿ ಹಾಕಿಕೊಡುತ್ತದೆ. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿದರೆ ಸಾಲದು. ಅಷ್ಟು ಹೋಲುವ ವಿಳಾಸ ಹುಟ್ಟಿಸುವುದು ಕಷ್ಟವಲ್ಲ.

ಎರಡನೇ ಸಲ ನಾನ್ಸ್ 5 ಹಾಕಿದೆ. ಹೆಂಡತಿ ಚೀಟಿ ನೋಡಿಕೊಂಡು ವಿಳಾಸದ ನಲವತ್ತು ಅಕ್ಷರವನ್ನೂ ಒಂದೊಂದಾಗಿ ಓದಿದಳು, ನಾನು ಹಳೇ ಲ್ಯಾಪ್‌ಟಾಪ್‌ನ ಪರದೆ ಮೇಲೆ ಬೆರಳಿಟ್ಟು ಸರಿಸುತ್ತಾ ಹೋದೆ. ಪೆನ್‌ಡ್ರೈವ್ ಆ ಕಡೆ ಹಾಕಿ ಕಳಿಸಿದೆ. ಅವಳು ಲೈಟ್ ಆರಿಸುವಷ್ಟರಲ್ಲಿ ಬ್ಲಾಕ್‌ಗೆ, ಅಂದರೆ ನೆಟ್‌ವರ್ಕ್‌ನ ಲೆಕ್ಕದ ಪುಟಕ್ಕೆ, ಸೇರಿತ್ತು.