ಹಾಪ್ಸ್ ಪರಿಮಳಕ್ಕೆ ಹಿತ್ತಲಿನ ಹೆಸರುಗಳು

ಕಳೆದ ಫೆಬ್ರವರಿಯಲ್ಲಿ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಐದು ಪುಟ್ಟ ಪ್ಯಾಕೆಟ್ ಹಾಪ್ಸ್ ಇಟ್ಟುಕೊಂಡಿದ್ದೆ, ಬಿಯರಿಗೆ ಕಹಿ ಮತ್ತು ಪರಿಮಳ ಕೊಡುವ ಹೂ ಅದು. ನಮ್ಮ ಮನೆ ಕಾಸರಗೋಡಿನ ಪೆರ್ಲದ ಹತ್ತಿರ. ಕೆಲಸ ಬೆಂಗಳೂರಿನಲ್ಲಿ, ಬಿಯರ್ ತಯಾರಿಸುವುದು. ಅಮ್ಮ ಬಿಯರ್ ಮುಟ್ಟಿದವರಲ್ಲ, ಆದರೆ ಅವರ ಮೂಗನ್ನು ನಾನು ಪೂರ್ತಿ ನಂಬುತ್ತೇನೆ. ಚಾವಡಿಯಲ್ಲಿ ಕೂತು ಒಂದು ಪ್ಯಾಕೆಟ್ ಕತ್ತರಿಸಿದೆ. ಹೂವನ್ನು ಪುಡಿಮಾಡಿ ಒತ್ತಿದ ಎರಡು ಹಸಿರು ಗುಳಿಗೆ ಅಂಗೈಗೆ ಹಾಕಿ, ಬಿಸಿಯಾಗುವ ತನಕ ತಿಕ್ಕಿ, ಅವರ ಮುಂದೆ ಹಿಡಿದೆ.

"ಕುಕ್ಕುಶುಂಠಿ" ಅಂದರು. ಒಂದು ಗಳಿಗೆಯೂ ಯೋಚಿಸಲಿಲ್ಲ.

ಅದು ಸಿಟ್ರಾ ಎಂಬ ಅಮೆರಿಕದ ತಳಿ. ಅದರ ವಿವರಣೆಯಲ್ಲಿ ಸಾಮಾನ್ಯವಾಗಿ ಮಾವು, ಲಿಚಿ, ಗೂಸ್‌ಬೆರಿ ಅಂತೆಲ್ಲ ಇರುತ್ತದೆ. ಅಮ್ಮ ಹೇಳಿದ್ದು ಅದಕ್ಕಿಂತ ಹತ್ತಿರದ ಮಾತು. ಕುಕ್ಕುಶುಂಠಿ, ಅಂದರೆ ಮಾವಿನಶುಂಠಿಯ ಎಣ್ಣೆಯಲ್ಲಿ ಮಿರ್ಸೀನ್ ಎಂಬ ವಸ್ತು ತುಂಬಾ ಇದೆ. ಸಿಟ್ರಾದ ಎಣ್ಣೆಯಲ್ಲೂ ದೊಡ್ಡ ಪಾಲು ಅದರದ್ದೇ. ಎರಡೂ ಕಡೆ ಮಾವಿನ ಜೊತೆಗೆ ಒಂದು ಹಸಿ ವಾಸನೆ, ಸ್ವಲ್ಪ ಅಂಟಿನ ವಾಸನೆ ಬರುತ್ತದಲ್ವಾ, ಅದು ಇದೇ.

ಹೊಸಬರಿಗೆ ಬಿಯರ್ ರುಚಿ ನೋಡಲು ಕಲಿಸುವಾಗ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತೇನೆ. ಮೂಗಿಗೆ ಗೊತ್ತಾಗಿರುತ್ತದೆ, ಬಾಯಿಗೆ ಪದ ಬರುವುದಿಲ್ಲ. ಯಾಕೆಂದರೆ ಕೈಗೆ ಕೊಟ್ಟ ಪಟ್ಟಿಯಲ್ಲಿ ಇರುವುದು ಗ್ರೇಪ್‌ಫ್ರೂಟ್, ಪೈನ್, ಬ್ಲ್ಯಾಕ್ ಕರಂಟ್. ಪೈನ್ ಮರವನ್ನೇ ನೋಡದವರು ಅದರ ವಾಸನೆಯನ್ನು ಎಲ್ಲಿಂದ ನೆನಪು ಮಾಡಿಕೊಳ್ಳಬೇಕು? ನಮ್ಮ ಹಿತ್ತಲಿನಲ್ಲಿ ಇದಕ್ಕಿಂತ ಒಳ್ಳೆಯ ಪಟ್ಟಿ ಇದೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಕಹಿ ಬೇರೆ, ಪರಿಮಳ ಬೇರೆ. ಹಾಪ್ಸ್ ಅಂದರೆ ಒಂದು ಬಳ್ಳಿಯ ಹೆಣ್ಣು ಹೂ. ಕಂಗಿಗೆ, ಅಂದರೆ ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಹಾಗೆ ಇದೂ ಆಸರೆ ಹಿಡಿದು ಮೇಲೇರುತ್ತದೆ. ಬೇಸಿಗೆಯಲ್ಲಿ ದೀರ್ಘ ಹಗಲು ಬೇಕು, ಹಾಗಾಗಿ ನಮ್ಮ ಕಡೆ ಸರಿಯಾಗಿ ಹೂ ಬಿಡುವುದಿಲ್ಲ. ಭಾರತದಲ್ಲಿ ಬೆಳೆದದ್ದು ಹಿಮಾಚಲದ ಲಾಹೌಲ್ ಕಣಿವೆಯಂಥ ಕಡೆ. ಹೂವಿನ ಎಸಳುಗಳ ಬುಡದಲ್ಲಿ ಹಳದಿ ಪುಡಿಯಂಥ ಗ್ರಂಥಿಗಳಿರುತ್ತವೆ. ಅದರೊಳಗೆ ಎರಡು ಸಂಪತ್ತು. ಒಂದು ರಾಳ, ಅದರಲ್ಲಿರುವ ಆಲ್ಫಾ ಆಮ್ಲ ಕುದಿದಾಗ ರೂಪ ಬದಲಿಸಿ ಕಹಿ ಕೊಡುತ್ತದೆ. ಇನ್ನೊಂದು ಎಣ್ಣೆ. ಅದೇ ಪರಿಮಳ, ಕುದಿಸಿದರೆ ಹಬೆಯ ಜೊತೆ ಹಾರಿಹೋಗುತ್ತದೆ. ಅದಕ್ಕೇ ಕಹಿಗೆ ಬೇಕಾದ ಹಾಪ್ಸನ್ನು ಕುದಿಯ ಶುರುವಿನಲ್ಲಿ ಹಾಕುತ್ತೇವೆ. ಪರಿಮಳದ್ದನ್ನು ಕೊನೆಗೆ ಹಾಕುತ್ತೇವೆ, ಅಥವಾ ತಣ್ಣಗಾದ ಬಿಯರಿನಲ್ಲಿ ನೆನೆಸುತ್ತೇವೆ.

ಕಾಸರಗೋಡಿಗೆ ಆ ಹೆಸರು ಬಂದದ್ದು ಕಾಸರಕನ ಮರದಿಂದ ಅಂತ ಒಂದು ಮಾತುಂಟು. ಆ ಮರದ ಕಹಿ ಎಲ್ಲರಿಗೂ ಗೊತ್ತು. ಆದರೆ ಕಹಿಯನ್ನು ಮೂಸಲು ಆಗುವುದಿಲ್ಲ, ಅದು ನಾಲಿಗೆಯ ಕೆಲಸ. ಮೂಗು ಹಿಡಿದು ಒಂದು ಗುಟುಕು ಬಿಯರ್ ಕುಡಿದು ನೋಡಿ. ಕಹಿ, ಸಿಹಿ, ಹುಳಿ ಮಾತ್ರ ಸಿಗುತ್ತದೆ. ಮೂಗು ಬಿಟ್ಟ ಕೂಡಲೇ ಹಣ್ಣು, ಹೂ, ಸೊಪ್ಪು ಎಲ್ಲ ಒಮ್ಮೆಲೇ ಬರುತ್ತವೆ. "ಹಾಪ್ಸ್ ಜಾಸ್ತಿ" ಅಂತ ಯಾರಾದರೂ ಹೇಳಿದರೆ ಕಹಿ ಜಾಸ್ತಿಯೋ, ಪರಿಮಳ ಜಾಸ್ತಿಯೋ ಅಂತ ನಾನು ಕೇಳಿಯೇ ಕೇಳುತ್ತೇನೆ.

ಈಗ ಹಿತ್ತಲಿಗೆ ಹೋಗೋಣ. 1972ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ತಳಿಯಿಂದ ಅಲ್ಲಿನ ಕ್ರಾಫ್ಟ್ ಬಿಯರಿನ, ಅಂದರೆ ಸಣ್ಣ ತಯಾರಕರ ಬಿಯರಿನ ರುಚಿಯೇ ಬದಲಾಯಿತು. ಅದನ್ನು ಗ್ರೇಪ್‌ಫ್ರೂಟ್ ಅನ್ನುತ್ತಾರೆ. ನಾನು ಚಕ್ಕೋತ ಅನ್ನುತ್ತೇನೆ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆ ಬೆರೆತು, ಹಾಗಾಗಿ ಇದು ಸುಮ್ನೆ ಮಾಡಿದ ಹೋಲಿಕೆ ಅಲ್ಲ. ಆದರೆ ಅಷ್ಟಕ್ಕೆ ನಿಲ್ಲಬಾರದು. ಚಕ್ಕೋತದ ಯಾವ ಭಾಗ? ಉಗುರಿನಿಂದ ಸಿಪ್ಪೆ ಗೀರಿದಾಗ ಚಿಮ್ಮುವ ಎಣ್ಣೆಯೇ? ಒಳಗಿನ ಬಿಳಿ ಸ್ಪಂಜಿನಂಥದ್ದೇ? ತೊಳೆಯ ರಸವೇ? ಎಲೆಯೇ? ಈ ನಾಲ್ಕೂ ಬೇರೆ ಬೇರೆ ವಾಸನೆ. ಕ್ಯಾಸ್ಕೇಡ್ ನನಗೆ ಯಾವಾಗಲೂ ಸಿಪ್ಪೆ ಮತ್ತು ಬಿಳಿ ಭಾಗ, ಹಿಂದಿನಿಂದ ಸ್ವಲ್ಪ ಹೂ. ರಸ ಅಲ್ಲ. ಎರಡು ಹಾಪ್ಸ್ ನಡುವಿನ ವ್ಯತ್ಯಾಸ ಎಷ್ಟೋ ಸಲ ಯಾವ ಹಣ್ಣು ಅನ್ನುವುದರಲ್ಲಿ ಇರುವುದಿಲ್ಲ, ಹಣ್ಣಿನ ಯಾವ ಭಾಗ ಅನ್ನುವುದರಲ್ಲಿ ಇರುತ್ತದೆ.

ಇನ್ನು ಕಷ್ಟದ ಒಂದು ಗುಂಪು ಇದೆ, ಥಯಾಲ್‌ಗಳು. ಗಂಧಕ ಇರುವ ವಸ್ತುಗಳು. ಲೀಟರಿಗೆ ನ್ಯಾನೊಗ್ರಾಂ ಲೆಕ್ಕದಲ್ಲಿದ್ದರೂ ಮೂಗಿಗೆ ಸಿಗುತ್ತವೆ. ಪ್ಯಾಶನ್ ಹಣ್ಣಿನ ಪರಿಮಳದಲ್ಲೂ ಇಂಥವು ಇವೆ. ಹದದಲ್ಲಿದ್ದರೆ ಹಣ್ಣು, ಮೀರಿದರೆ ಬೆಕ್ಕಿನ ಮೂತ್ರದ ನಾತ. ಬ್ಲ್ಯಾಕ್ ಕರಂಟ್ ಅಂತ ಪುಸ್ತಕ ಹೇಳುವ ಜಾಗದಲ್ಲಿ ನಾನು ಗೇರುಹಣ್ಣು ಅಂತ ಬರೆಯುತ್ತೇನೆ. ಗೇರುಗುಡ್ಡೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಬಿದ್ದ ಹಣ್ಣುಗಳ ನಡುವೆ ನಡೆದವರಿಗೆ ಆ ಸಿಹಿಯೂ ಆ ಗಾಟೂ ಒಟ್ಟಿಗೆ ಗೊತ್ತು. ಸಿಮ್ಕೋ ತಳಿಯಲ್ಲಿ ಇದು ಸಿಗುತ್ತದೆ. ಅದರ ಜೊತೆ ಬರುವ ಪೈನ್ ವಾಸನೆಗೆ ನನ್ನ ಪದ ಮಾವಿನ ಸೊನೆ. ತೊಟ್ಟು ಮುರಿದ ಕೂಡಲೇ ಚಿಮ್ಮುತ್ತದಲ್ವಾ, ಆ ಹಸಿ ಸೊನೆ.

ಜಪಾನಿನ ಸೊರಾಚಿ ಏಸ್ ಸುಲಭ. ಮಜ್ಜಿಗೆಹುಲ್ಲು ಮತ್ತು ಸಬ್ಬಸಿಗೆ ಸೊಪ್ಪು. ಒಮ್ಮೆ ಗುರುತಿಸಿದವರು ಮರೆಯುವುದಿಲ್ಲ.

ಹಾಪ್ಸ್ ಅಲ್ಲದ್ದನ್ನು ಹಾಪ್ಸ್ ಅನ್ನುವ ತಪ್ಪೂ ತುಂಬಾ ನಡೆಯುತ್ತದೆ. ಜರ್ಮನ್ ಶೈಲಿಯ ಗೋಧಿ ಬಿಯರಿನಲ್ಲಿ ಮಾಗಿದ ಬಾಳೆಹಣ್ಣು, ಲವಂಗ ಬಂದರೆ ಅದು ಬಿಯರನ್ನು ಹುದುಗಿಸುವ ಯೀಸ್ಟಿನದ್ದು. ಬೆಲ್ಜಿಯಂ ಶೈಲಿಯ ಗೋಧಿ ಬಿಯರ್ ವಿಟ್‌ನಲ್ಲಿ ಕೊತ್ತಂಬರಿ ಬೀಜದ ವಾಸನೆ ಬಂದರೆ ನಿಜವಾಗಿಯೂ ಕೊತ್ತಂಬರಿ ಬೀಜವನ್ನೇ ಹಾಕಿರುತ್ತಾರೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಕೊತ್ತಂಬರಿಯಲ್ಲಿರುವ ಲಿನಲೂಲ್ ಎಂಬ ಪರಿಮಳದ ವಸ್ತು ಹಾಪ್ಸ್‌ನಲ್ಲೂ ಇದೆ, ಹಾಗಾಗಿ ಆ ವಾಸನೆ ಹಾಪ್ಸ್‌ನಿಂದಲೂ ಬರಬಹುದು.

ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಂದು ಟ್ಯಾಂಕ್ ಬಿಯರ್ ಚೆಲ್ಲಬೇಕಾಯಿತು. ತೆರೆದ ಪ್ಯಾಕೆಟನ್ನು ಬಾಯಿ ಮಡಚಿ ಕಪಾಟಿನಲ್ಲಿ ಇಟ್ಟಿದ್ದೆವು. ಗಾಳಿ, ಸೆಕೆ ತಾಗಿ ಆಲ್ಫಾ ಆಮ್ಲ ಕೆಟ್ಟಿತ್ತು. ಹಳೇ ಚೀಸಿನ, ಬೆವರಿದ ಕಾಲುಚೀಲದ ವಾಸನೆ. ಹಾಕುವ ಮೊದಲು ಯಾರೂ ಮೂಸಲಿಲ್ಲ. ಆ ನೋವು ಇನ್ನೂ ಇದೆ. ಈಗ ಪ್ರತಿ ಪ್ಯಾಕೆಟನ್ನೂ ತಿಕ್ಕಿ ಮೂಸದೆ ಟ್ಯಾಂಕಿನ ಹತ್ತಿರ ಬಿಡುವುದಿಲ್ಲ.

ತಿಕ್ಕುವುದಕ್ಕೂ ಕ್ರಮ ಇದೆ. ಮೊದಲ ಉಸಿರಿಗೆ ಬೇಗ ಹಾರುವ ವಾಸನೆ ಸಿಗುತ್ತದೆ, ಹಣ್ಣು ಮತ್ತು ಹಸಿರು. ಎರಡು ನಿಮಿಷ ಬಿಟ್ಟು ಅದೇ ಅಂಗೈ ಮತ್ತೆ ಮೂಸಿದರೆ ಮರ, ಮಸಾಲೆ, ಮಣ್ಣು ಮೇಲೆ ಬರುತ್ತವೆ. ನಡುವೆ ನಿಮ್ಮದೇ ಅಂಗಿಯ ತೋಳು ಮೂಸಿ, ಮೂಗಿಗೆ ಬಿಡುವು ಸಿಗುತ್ತದೆ. ಮೊದಲು ಬಂದ ಪದವನ್ನು ಪಕ್ಕದವರ ಮಾತು ಕೇಳುವ ಮೊದಲೇ ಬರೆದಿಡಿ. ಎರಡು ತಳಿ ನಿಜವಾಗಿ ಬೇರೆ ಅನಿಸುತ್ತಿದೆಯೋ ಅಂತ ನೋಡಲು ಮೂರು ಲೋಟ ಇಡಿ, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಯಾವುದು ಬೇರೆ ಅಂತ ಕಣ್ಣು ಮುಚ್ಚಿ ಹುಡುಕಿ. ಲೋಟ ತೀರಾ ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ, ಸ್ವಲ್ಪ ಹೊತ್ತು ಕಾಯಿರಿ.

ಅವತ್ತು ಕೊನೆಯ ಪ್ಯಾಕೆಟ್ ಸಾಜ್. ಚೆಕ್ ದೇಶದ ಹಳೆಯ ತಳಿ, ಪಿಲ್ಸ್‌ನರ್ ಎಂಬ ತಿಳಿ ಹೊಂಬಣ್ಣದ ಬಿಯರಿನ ಜೀವ. ಇದರಲ್ಲಿ ಹಣ್ಣಿನ ಅಬ್ಬರ ಇಲ್ಲ. ಪುಸ್ತಕದಲ್ಲಿ ಮಸಾಲೆ, ಹುಲ್ಲು, ಮಣ್ಣು ಅಂತ ಇರುತ್ತದೆ. ಅಮ್ಮ ತುಂಬಾ ಹೊತ್ತು ಮೂಸಿದರು. "ಗೊತ್ತುಂಟು, ಹೆಸರು ಬರುವುದಿಲ್ಲ" ಅಂದು ಎದ್ದು ಹೋದರು.

ಮರುದಿನ ಬೆಳಿಗ್ಗೆ ಅಂಗಳದಿಂದ ಕರೆದರು. ಮೆಣಸು ತುಳಿದು ಕಾಳು ಬೇರೆ ಮಾಡಿ ಒಣಗಲು ಹಾಕಿದ್ದರು. ಪಕ್ಕದಲ್ಲಿ ಖಾಲಿ ಗೊಂಚಲಿನ ಹಸಿರು ತೊಟ್ಟುಗಳ ರಾಶಿ. ಒಂದು ಮುಷ್ಟಿ ಎತ್ತಿ ಹಿಸುಕಿ ನನ್ನ ಮೂಗಿಗೆ ಹಿಡಿದರು. ಮೆಣಸಿನಲ್ಲಿರುವ ಕ್ಯಾರಿಯೋಫಿಲೀನ್ ಎಂಬ ಪರಿಮಳದ ವಸ್ತು ಹಾಪ್ಸ್‌ನಲ್ಲೂ ಇದೆ ಅಂತ ನನಗೆ ವರ್ಷಗಳಿಂದ ಗೊತ್ತು. ಆದರೆ ಖಾರದ ಕಾಳಲ್ಲ, ಈ ತೊಟ್ಟು ಅಂತ ಯಾವತ್ತೂ ಹೊಳೆದಿರಲಿಲ್ಲ. ಒಳಗೆ ಹೋಗಿ ನನ್ನ ಟಿಪ್ಪಣಿ ಪುಸ್ತಕ ತೆಗೆದು ಸಾಜ್‌ನ ಎದುರು ಬರೆದೆ: ತುಳಿದ ಮೆಣಸಿನ ತೊಟ್ಟು, ಬೆಳಗಿನ ಇಬ್ಬನಿ ಆರುವ ಮೊದಲು.